ಬಿಲ್ಲಿನ ರಿಯಾಯಿತಿ, ಬಾಡಿಗೆಯ ತೆರಿಗೆ



ಹೋಟೆಲ್ ನಡೆಸಿ ಬದುಕು ಕಟ್ಟಿಕೊಂಡ ಹಿರಿಯರ ನೆನಪಿನ ದತ್ತಿ ಉಪನ್ಯಾಸ ಇದು. ನಾನು ತೆರಿಗೆ ಸಲಹೆಗಾರ. ಸಣ್ಣ ಹೋಟೆಲುಗಳ, ಬೇಕರಿಗಳ, ಲಾಡ್ಜುಗಳ ಲೆಕ್ಕ ಬರೆಯುವುದೇ ನನ್ನ ಕೆಲಸ. ಸರ್ಕಾರ ಈ ಉದ್ಯಮಕ್ಕೆ ಕೊಡುವ ರಿಯಾಯಿತಿ, ನೆರವು ಕೊನೆಗೆ ಯಾರ ಕೈ ಸೇರುತ್ತದೆ ಎನ್ನುವುದನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂತು ನೋಡಿದವನಾಗಿ ಮಾತಾಡುತ್ತೇನೆ.

ಒಂದು ಬಿಲ್ಲಿನಿಂದ ಶುರು ಮಾಡೋಣ. ಮಸಾಲೆ ದೋಸೆಗೆ 80 ರೂಪಾಯಿ. ಕೆಳಗೆ ಕೇಂದ್ರಕ್ಕೆ ಎರಡು, ರಾಜ್ಯಕ್ಕೆ ಎರಡು, ಒಟ್ಟು 84. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಎಸಿ ಇಲ್ಲದ ಹೋಟೆಲಿಗೆ ಶೇ. 12, ಎಸಿ ಇದ್ದರೆ ಶೇ. 18 ತೆರಿಗೆ ಇತ್ತು. ಜನ ಗೊಣಗಿದರು. ಅದೇ ವರ್ಷ ನವೆಂಬರ್ 15ರಿಂದ ಎರಡೂ ಶೇ. 5ಕ್ಕೆ ಇಳಿದವು. ಪತ್ರಿಕೆಗಳೆಲ್ಲ ಅದನ್ನು ಹೋಟೆಲ್ ಉದ್ಯಮಕ್ಕೆ ಸಿಕ್ಕ ದೊಡ್ಡ ರಿಯಾಯಿತಿ ಎಂದು ಬರೆದವು. ಅದರ ಜೊತೆಗೇ ಇದ್ದ ಷರತ್ತು ಮಾತ್ರ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ: ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಅಂದರೆ ಹೋಟೆಲಿನವರು ತಾವು ಕೊಳ್ಳುವ ವಸ್ತುಗಳ ಮೇಲೆ ಕಟ್ಟಿದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಬೇಕಾದದ್ದರಲ್ಲಿ ಕಳೆಯುವಂತಿಲ್ಲ. ಕ್ರೆಡಿಟ್ಟಿನ ಲಾಭವನ್ನು ಹೋಟೆಲಿನವರು ಗಿರಾಕಿಗೆ ದಾಟಿಸುತ್ತಿಲ್ಲ ಎನ್ನುವುದು ಸರ್ಕಾರ ಕೊಟ್ಟ ಕಾರಣ. ಆ ದೂರು ಪೂರ್ತಿ ಸುಳ್ಳಾಗಿರಲಿಲ್ಲ ಎಂದು ನಾನೂ ಒಪ್ಪುತ್ತೇನೆ.

ಈಗ ಅಡುಗೆಮನೆಗೆ ಹೋಗೋಣ. ಕಮರ್ಷಿಯಲ್ ಸಿಲಿಂಡರಿಗೆ ಶೇ. 18 ತೆರಿಗೆ. ಮೂಲ ಬೆಲೆ 1,500 ರೂಪಾಯಿ ಎಂದಿಟ್ಟುಕೊಂಡರೆ ಒಂದೊಂದು ಸಿಲಿಂಡರಿಗೂ 270 ರೂಪಾಯಿ ಹೋಯಿತು, ವಾಪಸು ಬರುವುದಿಲ್ಲ. ರುಬ್ಬುವ ಯಂತ್ರ, ಫ್ರಿಜ್ಜು, ಕುರ್ಚಿ ಮೇಜು ಎಲ್ಲದರದ್ದೂ ಇದೇ ಕಥೆ. 2024ರ ಅಕ್ಟೋಬರ್ 10ರಿಂದ ಬಾಡಿಗೆಯೂ ಈ ಪಟ್ಟಿಗೆ ಸೇರಿತು. ಕಟ್ಟಡದ ಮಾಲೀಕರು ಜಿಎಸ್‌ಟಿಯಲ್ಲಿ ನೋಂದಾಯಿಸಿಕೊಂಡಿಲ್ಲದಿದ್ದರೆ, ಬಾಡಿಗೆಯ ಮೇಲಿನ ಶೇ. 18 ತೆರಿಗೆಯನ್ನು ಅಂಗಡಿ ಹಿಡಿದವರೇ ಕಟ್ಟಬೇಕು. ತಿಂಗಳಿಗೆ 60,000 ಬಾಡಿಗೆ ಇದ್ದರೆ 10,800 ರೂಪಾಯಿ. ಬೇರೆ ವ್ಯಾಪಾರಿಗಳು ಅದನ್ನು ಕ್ರೆಡಿಟ್ ಆಗಿ ಪಡೆಯುತ್ತಾರೆ. ಹೋಟೆಲಿನವರಿಗೆ ಅದು ಅಪ್ಪಟ ಖರ್ಚು. ಶೇ. 5ರ ರಿಯಾಯಿತಿ ಸಿಕ್ಕಿದ್ದು ದೋಸೆ ತಿನ್ನುವವರಿಗೆ. ಅದು ಸಂತೋಷವೇ. ಆದರೆ ದೋಸೆ ಹುಯ್ಯುವವರ ಪಾಲಿಗೆ ಬಂದದ್ದನ್ನೂ ಯಾರಾದರೂ ಲೆಕ್ಕ ಹಾಕಬೇಕಲ್ಲ?

ನೆರವಿನ ವಿಷಯಕ್ಕೆ ಬಂದಾಗ ನನಗೆ ನೆನಪಾಗುವುದು ನನ್ನ ಸೋದರಮಾವ. ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಬಂದು ಮೂವತ್ತು ವರ್ಷ ಹೋಟೆಲ್ ನಡೆಸಿದವರು. ಬ್ಯಾಂಕಿನ ಸಾಲ ಮಾಡಬಾರದು ಎನ್ನುವುದು ಅವರ ಹಟ. ಚೀಟಿ ಎತ್ತಿಯೇ ಎಲ್ಲ ನಡೆಸುತ್ತಿದ್ದರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಹೋಟೆಲಿನಲ್ಲಿ ಕೂತು ತಿನ್ನಲು ಅನುಮತಿ ಸಿಕ್ಕಿದ್ದು ಜೂನ್ 8ಕ್ಕೆ. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 3 ಲಕ್ಷ ಕೋಟಿಯ ತುರ್ತು ಸಾಲ ಖಾತರಿ ಯೋಜನೆ ಘೋಷಿಸಿದಾಗ ನಾನೇ ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಯೋಜನೆಯ ಪ್ರಕಾರ ಸಿಗುತ್ತಿದ್ದದ್ದು 2020ರ ಫೆಬ್ರವರಿ 29ಕ್ಕೆ ಬಾಕಿ ಇದ್ದ ಸಾಲದ ಶೇ. 20. ಮಾವನ ಬಾಕಿ ಸೊನ್ನೆ, ಆದ್ದರಿಂದ ಸಿಗುವ ನೆರವೂ ಸೊನ್ನೆ. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಅವರು ಕೇಳಿದರು: “ಸಾಲ ಇದ್ದವ್ರಿಗೆ ಮಾತ್ರ ಸಾಲ ಅಂದ್ರೆ ಎಂತದಾ ಮಾಣಿ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವಾರ ಅತ್ತೆಯ ಬಳೆಗಳು ಅಡವು ಹೋದವು, ಭಟ್ಟರಿಗೂ ಸಪ್ಲೈಯರುಗಳಿಗೂ ಅರ್ಧ ಸಂಬಳ ಹೋಯಿತು.

ತಳ್ಳುಗಾಡಿಯವರಿಗೆ ಅದೇ ಜೂನಿನಲ್ಲಿ ಸ್ವನಿಧಿ ಯೋಜನೆಯ 10,000 ರೂಪಾಯಿ ಸಾಲ ಬಂತು, ಒಳ್ಳೆಯ ಯೋಜನೆ. ಹೋಟೆಲ್ ವಲಯಕ್ಕೆ 2021ರ ಮಾರ್ಚ್ 31ರಂದು ತುರ್ತು ಸಾಲದ ಮೂರನೆಯ ಆವೃತ್ತಿಯೇ ಬಂತು. ಬಾಕಿಯ ಶೇ. 40ರವರೆಗೆ ಸಾಲ, ಆರು ವರ್ಷದ ಅವಧಿ, ಅದರಲ್ಲಿ ಮೊದಲ ಎರಡು ವರ್ಷ ಅಸಲಿನ ಕಂತಿಲ್ಲ. 2022ರ ಬಜೆಟ್ಟಿನಲ್ಲಿ ಈ ವಲಯಕ್ಕೆಂದೇ ಇನ್ನೂ 50,000 ಕೋಟಿ ಸೇರಿತು. ಆದರೆ ಅಳತೆಗೋಲು ಮಾತ್ರ ಹಳೆಯ ಸಾಲದ್ದೇ. ಗಾಡಿಗಿಂತ ಮೇಲೆ, ಬ್ಯಾಂಕ್ ಖಾತೆಯ ಸಾಲಗಾರರಿಗಿಂತ ಕೆಳಗೆ ಇದ್ದವರು ನಡುವೆ ಬಿದ್ದುಹೋದರು. ಸಣ್ಣ ಉದ್ಯಮಗಳಿಗೆ ಮುದ್ರಾ ಸಾಲ ಇತ್ತಲ್ಲ ಎನ್ನಬಹುದು. ಅದಕ್ಕೆ ಬ್ಯಾಂಕಿನವರು ವ್ಯಾಪಾರ ನೋಡುತ್ತಾರೆ. ಬಾಗಿಲು ಹಾಕಿದ ಹೋಟೆಲಿನಲ್ಲಿ ನೋಡುವುದೇನನ್ನು?

ಬ್ರಿಟನ್ನಿನಲ್ಲಿ ಅದೇ ಹೊತ್ತಿಗೆ ಬೇರೆ ದಾರಿ ಹಿಡಿದರು. ಅಂಗಡಿ, ಪಬ್ಬು, ಕೆಫೆಗಳ ‘ಬಿಸಿನೆಸ್ ರೇಟ್ಸ್’ ಎಂಬ ಕಟ್ಟಡದ ತೆರಿಗೆಯನ್ನು ಇಂಗ್ಲೆಂಡಿನಲ್ಲಿ 2020-21ಕ್ಕೆ ಪೂರ್ತಿ ಮನ್ನಾ ಮಾಡಿದರು. ಮುಂದೆಯೂ ರಿಯಾಯಿತಿ ಮುಂದುವರಿಯಿತು. 2024-25ರಲ್ಲಿ ಅದು ಶೇ. 75 ಇತ್ತು, ಮರುವರ್ಷ ಶೇ. 40ಕ್ಕೆ ಇಳಿಯಿತು. ಅಲ್ಲಿ ಆ ತೆರಿಗೆ ಕಟ್ಟುವುದು ಸಾಮಾನ್ಯವಾಗಿ ಕಟ್ಟಡದಲ್ಲಿ ವ್ಯಾಪಾರ ಮಾಡುವವರೇ. ಹಾಗಾಗಿ ಮನ್ನಾ ನೇರವಾಗಿ ಅಡುಗೆಮನೆಗೆ ಮುಟ್ಟಿತು, ಹಳೆಯ ಸಾಲ ಎಷ್ಟು ಎಂದು ಯಾರೂ ಕೇಳಲಿಲ್ಲ. ನಮ್ಮಲ್ಲಿ ಆಸ್ತಿ ತೆರಿಗೆ ಕಟ್ಟುವುದು ಮಾಲೀಕರು. ಅದನ್ನು ಇಳಿಸಿದರೆ ಬಾಡಿಗೆ ಇಳಿಯುತ್ತದೆ ಎಂಬ ಭರವಸೆ ನನಗಿಲ್ಲ.

ಆದ್ದರಿಂದ ನಾನು ಕೇಳುವುದು ಒಂದೇ. ರಿಯಾಯಿತಿ ಖರ್ಚಿನ ಕಡೆಯಿಂದ ಬರಲಿ, ಮೊದಲು ಬಾಡಿಗೆಯಿಂದ ಬರಲಿ. ಇದಕ್ಕೆ ದಾರಿ ಈಗಾಗಲೇ ಇದೆ. ವರ್ಷದ ವಹಿವಾಟು ಒಂದೂವರೆ ಕೋಟಿಯ ಒಳಗಿದ್ದು, ಗಿರಾಕಿಯಿಂದ ತೆರಿಗೆ ಪಡೆಯದೆ, ಕ್ರೆಡಿಟ್ಟೂ ಇಲ್ಲದೆ, ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವವರನ್ನು ಬಾಡಿಗೆಯ ಈ ತೆರಿಗೆಯಿಂದ ಜಿಎಸ್‌ಟಿ ಮಂಡಳಿ ಬಿಟ್ಟಿದೆ. ಕ್ರೆಡಿಟ್ ಇಲ್ಲದವರ ಮೇಲೆ ಈ ಹೊರೆ ಸಲ್ಲದು ಎಂಬ ನ್ಯಾಯ ಅಲ್ಲಿ ಒಪ್ಪಿಗೆಯಾದರೆ, ಶೇ. 5ರಲ್ಲಿರುವ ಹೋಟೆಲುಗಳಿಗೂ ಅದೇ ನ್ಯಾಯ ಸಲ್ಲಬೇಕು. ಅವರಿಗೂ ಕ್ರೆಡಿಟ್ ಇಲ್ಲವಲ್ಲ.

ಕಳೆದ ತಿಂಗಳು ಒಬ್ಬರು ನನ್ನ ಕಚೇರಿಗೆ ಬಂದಿದ್ದರು. ವಹಿವಾಟು 1 ಕೋಟಿ 40 ಲಕ್ಷ, ಕಾಂಪೊಸಿಷನ್‌ನಲ್ಲಿದ್ದಾರೆ. ಬಸ್ ನಿಲ್ದಾಣದ ಎದುರು ಇನ್ನೊಂದು ಮಳಿಗೆ ನೋಡಿದ್ದಾರೆ, ಮಗನಿಗೆ ಒಪ್ಪಿಸುವ ಆಸೆ. ಎರಡರದ್ದೂ ವಹಿವಾಟು ಕೂಡಿದರೆ ಮಿತಿ ದಾಟುತ್ತದೆ. ಆಗ ಗಿರಾಕಿಯಿಂದ ಶೇ. 5 ಪಡೆಯಬಹುದು, ನಿಜ. ಆದರೆ ಎದುರಿನ ಹೋಟೆಲಿನಲ್ಲಿ 50ಕ್ಕೆ ಸಿಗುವ ಇಡ್ಲಿ ವಡೆಗೆ ಇವರು ಐವತ್ತೆರಡೂವರೆ ಎಂದರೆ ಒಳಗೆ ಬರುವವರು ಯಾರು? ಮೇಲೆ ಎರಡೂ ಕಡೆಯ ಬಾಡಿಗೆಗೆ ಶೇ. 18. ನಾನು ಕಾಗದದ ಮೇಲೆ ಕೂಡಿಸಿ ತೋರಿಸಿದೆ. ಅವರು ಬಹಳ ಹೊತ್ತು ಆ ಮೊತ್ತವನ್ನೇ ನೋಡುತ್ತಾ ಕೂತರು. ಆಮೇಲೆ ಮಗನಿಗೆ ಫೋನ್ ಮಾಡಿ, ಮಳಿಗೆಗೆ ಅಡ್ವಾನ್ಸ್ ಕೊಡುವುದು ಬೇಡ, ಸ್ವಲ್ಪ ತಡಿ ಎಂದರು.