ಗೋಡೆಯ ಮೇಲಿನ ನೆಲ

ಮಹಾರಾಷ್ಟ್ರದ ಸಿನ್ನರಿನ ಗೊಂದೇಶ್ವರ ಗುಡಿಯ ಅಂಗಳಕ್ಕೆ ಕಾಲಿಟ್ಟ ಕನ್ನಡಿಗರಿಗೆ ಪರಸ್ಥಳಕ್ಕೆ ಬಂದೆವೆನ್ನಿಸುವುದಿಲ್ಲ. ದೇವಗಿರಿಯಲ್ಲಿ ನೆಲೆ ನಿಲ್ಲುವ ಮುನ್ನ ಸೇವುಣ ಅರಸರು ಬೆಳೆದದ್ದು ಈ ಸೀಮೆಯಲ್ಲಿ. ಆ ಮನೆತನದ ಅನೇಕ ಶಾಸನಗಳು ಕನ್ನಡದಲ್ಲಿವೆ. ವಂಶದ ಹಿರಿಮೆಯನ್ನೂ ದಾನಕ್ಕೆ ಬಿಟ್ಟ ಭೂಮಿಯ ಲೆಕ್ಕವನ್ನೂ ಅರಸರು ಕಲ್ಲಿನಲ್ಲಿ ಕೊರೆಸಿದರು. ಇಲ್ಲಿಂದ ಪಡುವಣಕ್ಕೆ ಸಾಗಿ ಸಹ್ಯಾದ್ರಿ ಇಳಿದರೆ, ಹಿರಿಯರ ಕಥೆಯನ್ನೂ ನೆಲದ ನಂಟನ್ನೂ ಅಕ್ಕಿಹಿಟ್ಟಿನಲ್ಲಿ ಬರೆಯುತ್ತ ಬಂದ ಜನ ಸಿಗುತ್ತಾರೆ. ಅವರೇ ವಾರ್ಲಿಗಳು. ನಾಶಿಕ್ ಜಿಲ್ಲೆಯ ಪಶ್ಚಿಮದ ಬೆಟ್ಟಗಳಿಂದ ಪಾಲ್ಘರ್ ಜಿಲ್ಲೆಯ ಜವ್ಹಾರ್, ಡಹಾಣೂ, ತಲಾಸರಿಗಳವರೆಗೆ ಅವರ ಪಾಡಾಗಳು, ಅಂದರೆ ಪುಟ್ಟ ಹಾಡಿಗಳು, ಹರಡಿವೆ.

ಇಂದು ವಾರ್ಲಿ ಚಿತ್ರ ಸೀರೆಯ ಸೆರಗಿನಲ್ಲಿದೆ, ಚಹಾ ಲೋಟದ ಮೇಲಿದೆ, ರೈಲು ನಿಲ್ದಾಣದ ಗೋಡೆಯಲ್ಲಿದೆ. ಎರಡು ತ್ರಿಕೋನ ಕೂಡಿಸಿದರೆ ಮೈ, ಒಂದು ಸೊನ್ನೆ ಇಟ್ಟರೆ ತಲೆ. ಶಾಲೆಯ ಮಕ್ಕಳೂ ಒಂದು ಗಂಟೆಯಲ್ಲಿ ಕಲಿಯುತ್ತಾರೆ. ಆದರೆ ಆ ಚಿತ್ರ ಮೊದಲು ಯಾರದಾಗಿತ್ತು, ಯಾವ ಕೋಣೆಯ ಯಾವ ಗೋಡೆಯ ಮೇಲಿತ್ತು, ಬರೆಯುವಾಗ ಯಾರು ಹಾಡುತ್ತಿದ್ದರು ಎಂಬುದು ಲೋಟದ ಮೇಲೆ ಕಾಣುವುದಿಲ್ಲ.

ಮದುವೆಯ ಚೌಕ

ವಾರ್ಲಿ ಮನೆಯಲ್ಲಿ ಮದುವೆ ನಡೆಯಬೇಕಾದರೆ ಒಳಗೋಡೆಯ ಮೇಲೆ ‘ಚೌಕ’ ಮೂಡಲೇಬೇಕು. ಸಗಣಿ ಸಾರಿಸಿ ಕೆಮ್ಮಣ್ಣು ಬಳಿದ ಗೋಡೆ. ಅಕ್ಕಿಹಿಟ್ಟು ಕಲಸಿದ ಬಿಳಿ. ತುದಿಯನ್ನು ಜಗಿದು ನಾರು ಮಾಡಿದ ಬಿದಿರುಕಡ್ಡಿಯೇ ಕುಂಚ. ಬರೆಯುವವರು ಮುತ್ತೈದೆಯರು. ಚೌಕದ ನಡುವೆ ಪಾಲಘಾಟ್ ದೇವಿ ನಿಲ್ಲುತ್ತಾಳೆ. ಆಕೆ ಬೆಳೆಗೂ ಬಸಿರಿಗೂ ಒಡತಿ. ಪಕ್ಕದ ಪುಟ್ಟ ಚೌಕದಲ್ಲಿ ಕುದುರೆಯೇರಿದ ಐದು ತಲೆಯ ಪಂಚಶಿರ್ಯಾ ದೇವರು. ಸುತ್ತ ಮರ, ಸೂರ್ಯ, ಚಂದ್ರ, ದನ, ಹುಲಿ, ಕುಣಿಯುವ ಜನ. ಮದುವೆಯ ಶಾಸ್ತ್ರ ನಡೆಸುವ ಧವಳೇರಿ ಹಾಡಿನಲ್ಲಿ ದೇವತೆಗಳನ್ನು ಕರೆಯುತ್ತಾಳೆ. ಹೀಗಾಗಿ ಚೌಕವೆಂದರೆ ಅರ್ಧ ಗೋಡೆಯ ಮೇಲೆ, ಅರ್ಧ ಹಾಡುವವಳ ಗಂಟಲಲ್ಲಿ. ಮದುವೆ ಮುಗಿದ ಮೇಲೆ ಅದು ಹೊಗೆ ಹಿಡಿದು ತಾನಾಗಿ ಮಾಸುತ್ತದೆ. ಮುಂದಿನ ಮದುವೆಗೆ ಮತ್ತೊಂದು.

1970ರ ದಶಕದ ಮೊದಲಲ್ಲಿ ಕಲಾವಿದ ಭಾಸ್ಕರ ಕುಲಕರ್ಣಿ ಈ ಹಳ್ಳಿಗಳಿಗೆ ಕಾಗದ ತಂದರು. ಆಗ ಡಹಾಣೂ ತಾಲ್ಲೂಕಿನ ಗಂಜಾಡದ ಜಿವ್ಯಾ ಸೋಮಾ ಮಾಶೆ ಬೆಳಕಿಗೆ ಬಂದರು. 1934ರಲ್ಲಿ ಹುಟ್ಟಿದ ಮಾಶೆ ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಧೂಳಿನಲ್ಲಿ ಗೀಚಿದ್ದೇ ಅವರ ಮಾತಾಗಿತ್ತು. ಅವರು ಶಾಸ್ತ್ರದ ಚೌಕದಿಂದ ಆಚೆಗೂ ಬಂದರು. ಮೀನಿನ ಬಲೆ, ಭತ್ತದ ಕಣ, ಇರುವೆಗಳ ಸಾಲು, ತಾರ್ಪಾ ವಾದ್ಯ ಊದುವವನ ಸುತ್ತ ಸುರುಳಿಯಾಗುವ ಕುಣಿತ ಎಲ್ಲವನ್ನೂ ಬರೆದರು. 2011ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ತೀರಿಕೊಂಡರು. ಮುತ್ತೈದೆಯರ ಗೋಡೆಯ ಕೆಲಸ ಹೀಗೆ ಗಂಡಸರ ಕಾಗದದ ಕೆಲಸವೂ ಆಯಿತು.

ಎರಡು ಮರುಭೂಮಿ, ಒಂದು ಬಯಲು

1989ರಲ್ಲಿ ಪ್ಯಾರಿಸ್ಸಿನಲ್ಲಿ ‘ಮಜಿಸಿಯಾಂ ದ ಲಾ ತೆರ್’ ಎಂಬ ದೊಡ್ಡ ಪ್ರದರ್ಶನ ನಡೆಯಿತು. ಮಾಶೆಯ ಚಿತ್ರಗಳು ಅಲ್ಲಿದ್ದವು. ಆಸ್ಟ್ರೇಲಿಯದ ಯೂಂಡುಮು ಊರಿನ ಮೂಲನಿವಾಸಿಗಳು ಅಲ್ಲಿನ ನೆಲದ ಮೇಲೇ ಮಣ್ಣಿನ ಚಿತ್ರವೊಂದನ್ನು ಹಾಸಿದ್ದರು. ಸಾಗರದಾಚೆಯ ಈ ಎರಡು ಸಮುದಾಯಗಳ ಕಥೆ ಆಶ್ಚರ್ಯವಾಗುವಷ್ಟು ಹೋಲುತ್ತದೆ.

ಆಸ್ಟ್ರೇಲಿಯದಲ್ಲೂ ತಿರುವು ಬಂದದ್ದು 1971ರಲ್ಲಿ, ಒಂದು ಗೋಡೆಯಿಂದ. ಪಾಪುನ್ಯಾ ಎಂಬ ವಸತಿಯಲ್ಲಿ ಮೇಷ್ಟ್ರು ಜೆಫ್ರಿ ಬಾರ್ಡನ್ ಅವರ ಪ್ರೋತ್ಸಾಹದಿಂದ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಪುರಾಣ ಬರೆದರು. ಪೂರ್ವಜರು ನಡೆದು ಬೆಟ್ಟ, ಹಳ್ಳ, ನೀರಿನ ಗುಂಡಿಗಳನ್ನು ಮೂಡಿಸಿದ ಆ ಕಾಲಕ್ಕೆ, ಆ ನಿಯಮಕ್ಕೆ ಅವರು ‘ಜುಕುರ್ಪ’ ಅನ್ನುತ್ತಾರೆ. ಕೆಲವೇ ವರ್ಷಗಳಲ್ಲಿ ಆ ಗೋಡೆಗೆ ಸುಣ್ಣ ಬಣ್ಣ ಬಳಿದು ಚಿತ್ರ ಅಳಿಸಲಾಯಿತು. ಕಥೆ ಮಾತ್ರ ಅಳಿಯಲಿಲ್ಲ. 1972ರಲ್ಲಿ ಚಿತ್ರಕಾರರು ತಮ್ಮದೇ ಸಂಸ್ಥೆ ‘ಪಾಪುನ್ಯಾ ತುಲಾ’ ಕಟ್ಟಿಕೊಂಡರು. ಎಲ್ಲರೂ ನೋಡಬಾರದ ಗುಟ್ಟುಗಳು ಮೊದಮೊದಲು ಹಲಗೆಯ ಮೇಲೆ ಬಂದುಬಿಟ್ಟಾಗ ನೆರೆಯ ಹಿರಿಯರು ಆಕ್ಷೇಪಿಸಿದರು. ಆಮೇಲೆ ಬರೆಯುವವರು ಎಚ್ಚರ ವಹಿಸಿ, ಕೆಲವನ್ನು ಬಿಟ್ಟರು, ಕೆಲವನ್ನು ಚುಕ್ಕಿಗಳಡಿ ಮರೆಸಿದರು.

ಇನ್ನೂ ದೊಡ್ಡ ಸಂಗತಿ 1997ರದು. ಗ್ರೇಟ್ ಸ್ಯಾಂಡಿ ಮರುಭೂಮಿಯ ಜನ ತಮ್ಮ ಭೂಮಿಯ ಹಕ್ಕು ಕೇಳುತ್ತಿದ್ದರು. ಅಧಿಕಾರಿಗಳ ಕಾಗದದ ಭಾಷೆಯಲ್ಲಿ ಹೇಳಿ ಒಪ್ಪಿಸುವುದು ಕಷ್ಟವಾದಾಗ, ನಲವತ್ತಕ್ಕೂ ಹೆಚ್ಚು ಮಂದಿ ಕೂಡಿ 8 ಮೀಟರ್ ಅಗಲ, 10 ಮೀಟರ್ ಉದ್ದದ ಕ್ಯಾನ್ವಾಸ್ ಬರೆದರು. ಅದೇ ‘ನುರ‍್ರಾರ’ ಚಿತ್ರ. ವಿಚಾರಣೆಯ ದಿನ ಅದನ್ನು ನೆಲಕ್ಕೆ ಹಾಸಿ, ಒಬ್ಬೊಬ್ಬರೂ ತಮ್ಮ ತಮ್ಮ ನೀರಿನ ಗುಂಡಿಯ ಚಿತ್ರದ ಮೇಲೆ ನಿಂತು ತಮ್ಮ ನುಡಿಯಲ್ಲಿ ಸಾಕ್ಷಿ ಹೇಳಿದರು. 2007ರಲ್ಲಿ ಅವರ ಹಕ್ಕಿಗೆ ಮನ್ನಣೆ ಸಿಕ್ಕಿತು.

ಸಂದರ್ಶಕನಿಗೆ ಚೆಂದದ ಬಣ್ಣವಾಗಿ ಕಂಡದ್ದು ಆ ಮರುಭೂಮಿಯ ಜನಕ್ಕೆ ಪಹಣಿಯಾಗಿತ್ತು. ವಾರ್ಲಿಗಳಿಗೂ ನೆಲ ಕಳೆದುಕೊಳ್ಳುವುದೆಂದರೇನೆಂದು ಗೊತ್ತು. ಜಮೀನ್ದಾರರು ಮಾಡಿಸುತ್ತಿದ್ದ ಬಿಟ್ಟಿ ದುಡಿಮೆಯ ವಿರುದ್ಧ 1945ರಲ್ಲಿ ಅವರು ಕಿಸಾನ್ ಸಭಾ ಮತ್ತು ಅದರ ನಾಯಕಿ ಗೋದಾವರಿ ಪರುಳೇಕರರ ಜೊತೆಗೂಡಿ ತಲಾಸರಿ, ಡಹಾಣೂ ಸೀಮೆಯಲ್ಲಿ ಎದ್ದು ನಿಂತಿದ್ದರು. ಚೌಕದ ದೇವಿಯ ಸುತ್ತ ಬರೆದ ಮರ, ಹೊಲ, ಹುಲಿ ಅವರು ದಿನವೂ ನಡೆದ ಕಾಡಿನವು.

ನಮ್ಮ ಮನೆಯ ಹಸೆಗೋಡೆ

ಕನ್ನಡಿಗರಿಗೆ ಇದು ದೂರದ ಮಾತಲ್ಲ. ಮಲೆನಾಡಿನ ದೀವರ ಸಮುದಾಯದ ಹೆಂಗಸರು ಸಾಗರ, ಸೊರಬ ಕಡೆ ಇದೇ ಕೆಮ್ಮಣ್ಣಿನ ಗೋಡೆಯ ಮೇಲೆ, ಇದೇ ಅಕ್ಕಿಯ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಮದುವೆಗೆ ಹಸೆಗೋಡೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ. ಬಸುರಿ ಭೂಮಿತಾಯಿಗೆ ಬಯಕೆಯ ಊಟವನ್ನು ಆ ಬುಟ್ಟಿಯಲ್ಲಿ ಹೊಲಕ್ಕೆ ಒಯ್ಯುತ್ತಾರೆ. 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರು ಶರಾವತಿ ಕಣಿವೆಯನ್ನು ತುಂಬಿದಾಗ ದೀವರ ಎಷ್ಟೋ ಮನೆಗಳು ಮುಳುಗಿದವು. ಹೊಸ ಊರಿನಲ್ಲಿ ಮತ್ತೆ ಎಳೆ ಎಳೆದ ಅಜ್ಜಿಯರ ಕೈ ಮುಳುಗಿದ ಹೊಲದ ನೆನಪನ್ನೂ ಹೊತ್ತು ತಂದಿತು.

ಆಸ್ಟ್ರೇಲಿಯದ ಸಮುದಾಯ ಕಲಾಕೇಂದ್ರಗಳಲ್ಲಿ ಒಂದು ಒಳ್ಳೆಯ ರೂಢಿಯಿದೆ. ಚಿತ್ರ ಮಾರುವಾಗ ಬರೆದವರ ಹೆಸರು, ಊರು, ಕಥೆ ಇರುವ ಪತ್ರವನ್ನೂ ಜೊತೆಗೆ ಕೊಡುತ್ತಾರೆ. ಹೇಳಬಾರದ್ದನ್ನು ಹೇಳದೆ ಉಳಿಸಿಕೊಳ್ಳುವ ಹಕ್ಕೂ ಬರೆದವರದೇ. ನಾಶಿಕಿನ ಅಂಗಡಿಯಲ್ಲಿ ವಾರ್ಲಿ ಚಿತ್ರಕ್ಕೂ ಸಾಗರದ ಮಳಿಗೆಯಲ್ಲಿ ಚಿತ್ತಾರಕ್ಕೂ ಇಂಥ ಒಂದು ಹಾಳೆ ಸೇರಬೇಕು. ಕೊಳ್ಳುವವರೇ ಕೇಳಿದರೆ ಅದು ನಾಳೆಯಿಂದಲೇ ಶುರುವಾಗಬಹುದು: ಇದು ಯಾವ ಪಾಡಾದ್ದು, ಬರೆದ ತಾಯಿ ಯಾರು, ಈ ಚೌಕಕ್ಕೆ ಹಾಡಿದ ಧವಳೇರಿಯ ಹೆಸರೇನು?