ಕರೆಂಟ್ ಲೈನಿನ ದಾರಿ

(ಸುವರ್ಣ ಮಹೋತ್ಸವದಲ್ಲಿ ಆಡಿದ ಮಾತುಗಳು)



ಊರಿಗೆ ಬಂದಾಗಲೆಲ್ಲ ನನ್ನ ಕೆಲಸ ಏನೆಂದು ಕೇಳುತ್ತೀರಿ. ದೊಡ್ಡ ಟವರ್ ಲೈನುಗಳು ಯಾವ ಹೊಲ, ಯಾವ ಗುಡ್ಡ ದಾಟಿ ಹೋಗಬೇಕೆಂದು ಕಂಪ್ಯೂಟರ್ ನಕ್ಷೆಯಲ್ಲಿ ಗೆರೆ ಎಳೆಯುವುದು. ಇದರ ಮೊದಲ ಪಾಠ ಆದದ್ದು ಇದೇ ಶಾಲೆಯಲ್ಲಿ. ಭೂಗೋಳದ ಮೇಷ್ಟ್ರು ಸರ್ವೆ ಆಫ್ ಇಂಡಿಯಾದ ನಕ್ಷೆ ಹರಡಿ, ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಎಂದು ನಮ್ಮ ಕೈಗೆ ನೂಲು ಕೊಟ್ಟು ದಾರಿ ಅಳೆಸಿದ್ದರು.

ಈಗ ನೂಲಿಲ್ಲ. ಉಪಗ್ರಹದ ಚಿತ್ರ, ನೆಲದ ಏರಿಳಿತ, ಕಾಡಿನ ಗಡಿ, ಕೆರೆ, ರಸ್ತೆ, ಸರ್ವೆ ನಂಬರು ಎಲ್ಲವನ್ನೂ ಒಂದರ ಮೇಲೊಂದು ಹಾಸುತ್ತೇವೆ. ಕಾಡಿಗೆ, ಮನೆಗಳಿಗೆ ಹೆಚ್ಚು ಅಂಕ, ಬೀಳು ಭೂಮಿಗೆ ಕಡಿಮೆ. ಒಟ್ಟು ಅಂಕ ಕಡಿಮೆಯಾಗುವ ದಾರಿಯನ್ನು ಕಂಪ್ಯೂಟರ್ ಹುಡುಕಿಕೊಡುತ್ತದೆ. ಯಾವುದಕ್ಕೆ ಎಷ್ಟು ಅಂಕ ಎಂದು ಹೇಳುವವರು ಮಾತ್ರ ನಾವೇ. ಜಗಳ ಹುಟ್ಟುವುದೂ ಅಲ್ಲೇ.

220 ಕಿಲೋವೋಲ್ಟ್ ಲೈನಿಗೆ 35 ಮೀಟರ್ ಅಗಲದ ಪಟ್ಟಿ ಬೇಕು. ಜಮೀನು ರೈತನ ಹೆಸರಿನಲ್ಲೇ ಉಳಿಯುತ್ತದೆ, ಕೆಳಗೆ ರಾಗಿ ಬೆಳೆಯಬಹುದು. ತಂತಿಯ ಹತ್ತಿರಕ್ಕೆ ಬೆಳೆಯುವ ತೆಂಗು, ಅಡಿಕೆ ಆಗದು.

ಒಮ್ಮೆ ನಾನು ಬೀಳು ಎಂದು ಗುರುತು ಹಾಕಿದ್ದ ಜಾಗಕ್ಕೆ ಹೋದರೆ, ಎದೆಯೆತ್ತರದ ಅಡಿಕೆ ಸಸಿಗಳು! ನಾನು ನೋಡಿದ್ದ ಚಿತ್ರ ಮೂರು ವರ್ಷ ಹಳೆಯದು. ತೋಟದ ಅಜ್ಜಿ ಬೈಯಲಿಲ್ಲ. ಮಜ್ಜಿಗೆ ಕೊಟ್ಟು, "ಬೋರಿಗೆ ಮಾಡಿದ ಸಾಲ ಇನ್ನೂ ತೀರಿಲ್ಲ ಕಣಪ್ಪಾ, ನಿನ್ನ ಕಂಪ್ಯೂಟರಿಗೆ ಅದು ಕಾಣಲ್ವಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗೆರೆ ಬಗ್ಗಿಸಿದೆವು. ಲೈನ್ ತಿರುಗುವ ಕಡೆ ತಂತಿಯ ಎಳೆತ ತಡೆಯಲು ಭಾರದ ಟವರ್ ಬೇಕು, ಖರ್ಚು ಜಾಸ್ತಿ. ಮೇಲಿನವರು ಗೊಣಗಿಕೊಂಡೇ ಒಪ್ಪಿದರು.

ಎಲ್ಲ ಕಡೆ ಹೀಗಾಗುವುದಿಲ್ಲ. ಇನ್ನೊಂದೂರಿನಲ್ಲಿ ರೈತರು ಬಂದು ಹೇಳುವಷ್ಟರಲ್ಲಿ ಟವರಿಗೆ ಪಾಯ ಹಾಕಿ ಆಗಿತ್ತು. ಅಲ್ಲಿ ತೆಂಗು ಉಳಿಯಲಿಲ್ಲ.

ಆದ್ದರಿಂದ ಊರಿನವರಲ್ಲಿ ಒಂದು ಮಾತು. ಸರ್ವೆಯವರು ಬಂದ ದಿನವೇ ಅವರ ಜೊತೆ ನಡೆಯಿರಿ. ಹೊಸ ಬೋರು, ಎಳೆ ತೋಟ, ಹಿರಿಯರ ಸಮಾಧಿ ತೋರಿಸಿ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ಮೊಬೈಲಿನಲ್ಲೇ ತೋರಿಸುತ್ತದೆ, ಬರೆದುಕೊಟ್ಟು ಸಹಿ ಪಡೆಯಿರಿ. ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಊರಿನ ಬೋರು, ತೋಟಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸುವುದಾದರೆ, ಬೇಸಿಗೆ ರಜೆಯಲ್ಲಿ ಬಂದು ಕಲಿಸಲು ನಾನು ಸಿದ್ಧ.

ಮೇಷ್ಟ್ರ ಆ ಹಳೆಯ ನಕ್ಷೆ ಇನ್ನೂ ಬೀರುವಿನಲ್ಲಿದೆಯಂತೆ. ಊಟವಾದ ಮೇಲೆ ನೋಡಿಕೊಂಡು ಹೋಗುತ್ತೇನೆ.