ನಿದ್ರೆಯಲ್ಲಿ ಕೂಸಿನ ಕೈಕಾಲು ಅದುರುವುದೇಕೆ?



ತೊಟ್ಟಿಲಲ್ಲಿ ಮಲಗಿದ ಹಸುಗೂಸು ನಿದ್ರೆಯಲ್ಲಿಯೇ ಬೆರಳು ಮಿಡಿಯುವುದನ್ನೂ, ಕಾಲು ಅದುರಿಸುವುದನ್ನೂ ತಾವೆಲ್ಲರೂ ಕಂಡಿದ್ದೀರಿ. ಇದನ್ನು ಕಂಡು ದೃಷ್ಟಿ ತಾಗಿತೆಂದೋ, ಫಿಟ್ಸ್ ಬಂದಿತೆಂದೋ ಗಾಬರಿಗೊಳ್ಳುವವರುಂಟು. ಕೂಸಿನ ಎಳೆಯ ಮೈಗೆ ಬರೆ ಹಾಕಿಸುವವರೂ ಉಂಟು. ಆದುದರಿಂದ ಇದರ ಕಾರಣವನ್ನು ತಿಳಿಯುವುದು ಅಗತ್ಯ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬ್ಲಂಬರ್ಗ್ ಮತ್ತು ಅವರ ಸಂಗಡಿಗರು ಇಲಿಮರಿಗಳಲ್ಲಿ ಇದನ್ನು ಬಹುಕಾಲ ಪರೀಕ್ಷಿಸಿದ್ದಾರೆ. ಇಲಿಮರಿಯು ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತದೆ. ಅದು ಕಣ್ತೆರೆಯಲು ಸುಮಾರು ಎರಡು ವಾರ ಬೇಕು. ಅದರ ಮಿದುಳು ಹುಟ್ಟಿದ ಮೇಲೆಯೂ ವೇಗವಾಗಿ ಬೆಳೆಯುವುದರಿಂದ ಆ ಬೆಳವಣಿಗೆಯನ್ನು ಗಮನಿಸುವುದು ಸಾಧ್ಯ. ನಿದ್ರಿಸುವ ಮರಿಯ ಕಾಲು ಅದುರಿದಾಗ, ಆ ಸುದ್ದಿ ನರಗಳ ಮೂಲಕ ಮಿದುಳನ್ನು ಸೇರಿ, ಅಲ್ಲಿನ ನರಕೋಶಗಳು ಚುರುಕಾಗುವುದು ಕಂಡುಬಂದಿತು. 2014ರಲ್ಲಿ ಪ್ರಕಟವಾದ ಪ್ರಯೋಗವೊಂದು ಮತ್ತೂ ಒಂದು ವಿಶೇಷವನ್ನು ತೋರಿಸಿತು. ಎಚ್ಚರವಿದ್ದ ಮರಿಯು ಕಾಲುಗಳನ್ನು ಜೋರಾಗಿ ಆಡಿಸಿದರೂ ಮಿದುಳಿನಲ್ಲಿ ಅಷ್ಟು ಚಟುವಟಿಕೆ ಕಾಣಲಿಲ್ಲ. ಎಚ್ಚರದಲ್ಲಿ ತಾನೇ ಆಡಿಸಿದ ಅಂಗದ ಸುದ್ದಿಯನ್ನು ಮಿದುಳು ತಡೆಯುತ್ತದೆ. ನಿದ್ರೆಯ ಅದುರಾಟದಲ್ಲಿ ಆ ತಡೆ ಇರುವುದಿಲ್ಲ.

ಹೊಸ ಮನೆಗೆ ವಿದ್ಯುತ್ ತಂತಿ ಎಳೆದವನು ಒಂದೊಂದೇ ಸ್ವಿಚ್ ಒತ್ತಿ, ಯಾವ ದೀಪ ಹತ್ತುವುದೆಂದು ನೋಡುವನಷ್ಟೆ! ಹಾಗೆಯೇ ಎಳೆಯ ಮಿದುಳು ನಿದ್ರೆಯಲ್ಲಿ ತನ್ನ ಅಂಗಗಳ ಪರಿಚಯ ಮಾಡಿಕೊಳ್ಳುತ್ತದೆಂಬುದು ಈ ವಿಜ್ಞಾನಿಗಳ ಅಭಿಪ್ರಾಯ.

ಮನುಷ್ಯರ ನವಜಾತ ಶಿಶುವು ದಿನಕ್ಕೆ ಸುಮಾರು 16 ಗಂಟೆ ನಿದ್ರಿಸುತ್ತದೆ. ಅದರಲ್ಲಿ ಅರ್ಧದಷ್ಟು ಇಂತಹ ಅದುರಾಟದ ನಿದ್ರೆಯೇ ಆಗಿರುತ್ತದೆ. ಆದುದರಿಂದ ಹಾಲೂಡಿಸುವ ಹೊತ್ತನ್ನು ತಪ್ಪಿಸದೆ, ಉಳಿದ ವೇಳೆಯಲ್ಲಿ ಕೂಸಿನ ನಿದ್ರೆಗೆ ಭಂಗ ತರಬೇಡಿ. ಅಂಗಾತ ಮಲಗಿಸಿರಿ.

ಆದರೆ ಎಲ್ಲ ಅದುರಾಟವೂ ಒಂದೇ ಅಲ್ಲ. ನಿದ್ರೆಯ ಸಹಜ ಅದುರಾಟವು ಕೂಸು ಎಚ್ಚರಗೊಂಡೊಡನೆ ನಿಲ್ಲುತ್ತದೆ. ಎಚ್ಚರವಿದ್ದಾಗಲೂ ಕೈಕಾಲು ಸೆಳೆದರೆ, ಮೃದುವಾಗಿ ಹಿಡಿದರೂ ನಿಲ್ಲದಿದ್ದರೆ, ಕಣ್ಣು ಮೇಲೆ ಸಿಕ್ಕಿಕೊಂಡರೆ, ತುಟಿ ನೀಲಿಗಟ್ಟಿದರೆ, ಜ್ವರವಿದ್ದರೆ ಅಥವಾ ಕೂಸು ಮೊಲೆ ಹಿಡಿಯದಿದ್ದರೆ, ಕ್ಷಣವೂ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ಬರೆಯಿಂದ ಫಿಟ್ಸ್ ಗುಣವಾಗುವುದಿಲ್ಲ. ಹುಣ್ಣಾಗಿ ನಂಜೇರುವ ಅಪಾಯವುಂಟು. ಹಿರಿಯರು ಹೇಳಿದರೂ ವಿನಯದಿಂದ ನಿರಾಕರಿಸಿರಿ. ತಾಯಿಯೊಬ್ಬಳೇ ಅಲ್ಲ, ತಂದೆಯೂ ತೊಟ್ಟಿಲ ಬಳಿ ಕುಳಿತು ಕೂಸಿನ ನಿದ್ರೆಯನ್ನು ಗಮನಿಸಲಿ. ಎರಡು ಬಗೆಯ ಅದುರಾಟಗಳ ಭೇದವನ್ನು ಇಬ್ಬರೂ ಅರಿತಿದ್ದರೆ ಕೂಸಿಗೆ ಅದೇ ರಕ್ಷೆ.